ಲಾಂಚ್ ದಡದಲ್ಲಿ ಮಗು ಒಪ್ಪಿಸೋ ಭಾನುವಾರದ ಬಗ್ಗೆ ಚುರುಮುರಿ ಕೆರಿಯಪ್ಪನ ಹೇಳಿಕೆ

ನನ್ನ ಹೆಸರು ಕೆರಿಯಪ್ಪ, ತಂದೆ ನಿಂಗಪ್ಪ, ವಯಸ್ಸು 54, ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಹೊಳೆಬಾಗಿಲಲ್ಲಿ ಚುರುಮುರಿ ಗಾಡಿ, ಮನೆಯೂ ಅಲ್ಲೇ, ಸಾಗರ ತಾಲ್ಲೂಕು. ಠಾಣೆ ಸಾಹೇಬ್ರು ಕೇಳಿದ್ದಕ್ಕೆ ನಾನು ಕಂಡಿದ್ದು ಹೇಳಿ ಬರೆಸ್ತಿರೋದು ಏನಂದ್ರೆ,

ಸುಚಿತ್ರಾ, ಗಣೇಶ ಇಬ್ರೂ ನಂಗೆ ಗೊತ್ತು. ಡೈವೋರ್ಸ್ ಆಗಿ ಎರಡು ವರ್ಷ. ಮಗಳು ಪ್ರಣತಿ, ಏಳು ವರ್ಷ, ಸಾಗರದಲ್ಲಿ ತಾಯಿ ಹತ್ರ ಇದ್ದಾಳೆ. ತಂದೆ ಇರೋದು ಹೊಳೆ ಆಚೆ, ತುಮರಿ ಕಡೆ. ಜೀವನಾಂಶ ಅಕೌಂಟಿಗೆ ಹಾಕ್ತಾನೆ, ಅದ್ರಲ್ಲಿ ತಕರಾರಿಲ್ಲ. ತಕರಾರೆಲ್ಲ ಮಗೂದು. ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊಳೆಬಾಗಿಲು ಲಾಂಚ್ ದಡದಲ್ಲಿ ಮಗೂನ ತಂದೆಗೆ ಒಪ್ಪಿಸ್ಬೇಕು ಅಂತ ಕೋರ್ಟ್ ಆರ್ಡರ್ ಇದೆ.

ಆಗ ಸೇತುವೆ ಇರ್ಲಿಲ್ಲ, ಹೊಳೆ ದಾಟೋಕೆ ಲಾಂಚ್ ಒಂದೇ, ನನ್ನ ಗಾಡಿನೂ ದಡದಲ್ಲೇ ಇತ್ತು. ಗಣೇಶ ಲಾಂಚಲ್ಲಿ ಬಂದು ಅದೇ ಲಾಂಚಲ್ಲಿ ಮಗೂನ ಕರ್ಕೊಂಡು ಹೋಗೋನು. ಮಗು ಅಳತ್ತೆ ಅಂತ ಸುಚಿತ್ರಾನೂ ಹತ್ತಿ, ಆಚೆ ದಡ ಮುಟ್ಟಿಸಿ ಬರೋಳು. ಗಣೇಶ, ಸುಚಿತ್ರಾ ಒಬ್ಬರಿಗೊಬ್ಬರು ಮಾತಾಡ್ತಿರ್ಲಿಲ್ಲ. ಆದ್ರೆ ಮೂರು ಚುರುಮುರಿ ಕಟ್ಟಲಾ ಅಂತ ಕೇಳಿದ್ರೆ ಒಂದೇ ಸಾಕು ಅನ್ನೋರು, ಮೂವರೂ ಅದನ್ನೇ ತಿನ್ನೋರು. ಇಂಥ ಡೈವೋರ್ಸಿಂದ ನನ್ನ ವ್ಯಾಪಾರ ಹಾಳು ಅಂದಿದ್ದೆ. ಸುಚಿತ್ರಾ ನಕ್ಕಿದ್ದು ನಾನು ನೋಡಿದ್ದು ಅದೊಂದೇ ಸಲ. ಎಷ್ಟು ಚೆಂದ ಇತ್ತು ಆಗ. ಸಾಹೇಬ್ರು ಇದೆಲ್ಲ ಬೇಡ, ಮುಂದಿಂದು ಹೇಳು ಅಂದ್ರು.

ಈಗ ಸೇತುವೆ ಆಗಿ ಲಾಂಚ್ ನಿಂತಿದೆ. ನನ್ನ ಗಾಡಿನೂ ಸೇತುವೆ ಹತ್ರ ಬಂತು. ಗಣೇಶ ಕಾಲು ಮುರ್ಕೊಂಡು ಮಲಗಿದ್ದಕ್ಕೆ, ಸೇತುವೆ ಆದ್ಮೇಲೆ ಮಗು ಒಪ್ಪಿಸೋದು ಇವತ್ತೇ ಮೊದಲು. ಸುಚಿತ್ರಾ ಹತ್ತಕ್ಕೆ ಮಗು ಜೊತೆ ಸೇತುವೆ ಹತ್ರ ಬಸ್ ಇಳಿದ್ಲು. ಮುಕ್ಕಾಲು ಗಂಟೆ ಕಾದ್ಲು, ಗಣೇಶ ಕಾಣ್ಲಿಲ್ಲ. ಅವನ ನಂಬರ್ ಬ್ಲಾಕ್ ಮಾಡಿದೀನಿ, ವಕೀಲರನ್ನೇ ಕೇಳ್ತೀನಿ, ಮಗೂನ ನೋಡ್ಕೊಳ್ಳಿ ಕೆರಿಯಣ್ಣ ಅಂತ ಹೇಳಿ, ಸಿಗ್ನಲ್ ಹುಡುಕ್ತಾ ಸೇತುವೆ ಮೇಲೆ ಹೋದ್ಲು. ನಾನು ಸಿಗಂದೂರಿಗೆ ಹೊರಟೋರಿಗೆ ಚುರುಮುರಿ ಕಲಸ್ತಿದ್ದೆ. ತಲೆ ಎತ್ತಿದ್ರೆ ಮಗು ಹಳೇ ಲಾಂಚ್ ದಡದ ರಸ್ತೇಲಿ ಓಡ್ತಿದೆ. ಕೂಗಿದೆ, ನಿಲ್ಲಲಿಲ್ಲ. ಗಾಡಿ ಬಿಟ್ಟು ಹಿಂದೆ ಓಡಿದೆ. ನನ್ನ ಹೊಟ್ಟೆಗೆ ಅದು ಓಟ, ನೋಡೋರಿಗೆ ನಡಿಗೆ.

ಗಣೇಶ ಒಬ್ಬನೇ ದಡದಲ್ಲಿ ಕೂತಿದ್ದ, ಒಂಬತ್ತೂವರೆಯಿಂದ. ಇಲ್ಲಿ ಯಾಕಪ್ಪ ಅಂತ ನಾನು ಕೇಳಿದ್ರೆ, ಆರ್ಡರಲ್ಲಿ ಇರೋ ಜಾಗ ಬಿಟ್ಟು ಬೇರೆ ಕಡೆ ನಿಂತ್ರೆ ಭಾನುವಾರ ಕೈತಪ್ಪತ್ತೆ ಅಂತ ವಕೀಲರು ಹೆದರಿಸಿದಾರೆ ಅಂದ. ಮಗು ಅವನಿಗೆ ಒರಗಿ ಕೂತು, "ಲಾಂಚ್ ಬರೋವರೆಗೂ ಇಲ್ಲೇ ಇರಣ ಅಪ್ಪ. ಲಾಂಚ್ ಆದ್ರೆ ಅಮ್ಮನೂ ಹತ್ತತಾಳೆ" ಅಂತು. ಗಣೇಶ ನೀರಿನ ಕಡೆ ತಿರುಗ್ದ. ಆಮೇಲೆ, ಸುಚಿತ್ರಾ ಹೆದರಿರ್ತಾಳೆ, ಹೇಳಿ ಬನ್ನಿ ಅಂತ ನನ್ನ ಕಳಿಸ್ದ.

ನಾನು ಮೇಲೆ ಹತ್ತಿ ಬರೋದ್ರೊಳಗೆ, ಗಾಡಿ ಹತ್ರ ಮಗು ಕಾಣ್ದೆ, ಗಣೇಶ ಮಗೂನ ಎತ್ಕೊಂಡು ಹೋದ ಅಂತ ಅಳ್ತಾ ಸುಚಿತ್ರಾ ಆಟೋ ಹತ್ತಿ ಠಾಣೆಗೆ ಹೊರಟಾಗಿತ್ತು. ಗಾಡೀಲಿ ದನ ಮಂಡಕ್ಕಿ ತಿಂತಿತ್ತು. ದನದ ಮೇಲೆ ನನ್ನ ದೂರಿಲ್ಲ.

ಮಗೂನ ಯಾರೂ ಎಳ್ಕೊಂಡು ಹೋಗಿಲ್ಲ. ಅದಾಗೇ ಓಡಿತು, ನೋಡ್ಕೊಳ್ಳದೇ ಬಿಟ್ಟಿದ್ದು ನಾನು. ಸಾಹೇಬ್ರು ಫೋನ್ ಮಾಡಿ ಕರೆಸಿದ್ದಕ್ಕೆ ಅಪ್ಪ, ಮಗಳು ಈಗ ಠಾಣೆ ಜಗಲೀಲಿ ಕೂತಿದಾರೆ. ನಾನು ಬರೆಸ್ತಿರೋದನ್ನ ಸುಚಿತ್ರಾ ಪಕ್ಕದ ಬೆಂಚಲ್ಲಿ ಕೂತು ಕೇಳಿದ್ಲು. ಕೇಳಿ, "ಸಂಜೆ ಆರರವರೆಗೆ ಅವನ ದಿನ ಸಾರ್. ಕರ್ಕೊಂಡು ಹೋಗ್ಲಿ" ಅಂದ್ಲು. ಅದನ್ನೂ ಬರ್ಕೊಳ್ಳಿ ಅಂದೆ, ಬರ್ಕೊಂಡಿದಾರೆ.

ಬರೆದಿದ್ದನ್ನ ನಂಗೆ ಓದಿ ಹೇಳಿದಾರೆ. ನಾನು ಹೇಳಿದ್ದೇ ಇದೆ, ನಡೆದಿದ್ದೂ ಇಷ್ಟೇ.

ಸ್ಥಳ: ಸಾಗರ
ದಿನಾಂಕ: 16-11-2025
ಸಹಿ: ಕೆರಿಯಪ್ಪ