ಗುರಪ್ಪನ ಶೆಡ್ಡಿನಲ್ಲಿ ಸಿಕ್ಕ ಮೂವತ್ತೊಂದು ಚೀಲ ಅರಿಷಿಣ

ನಾನು ಧನಪಾಲ ತಂದೆ ತವನಪ್ಪ ಮಗದುಮ್, ವಯಸ್ಸು 64 ವರ್ಷ, ಉದ್ಯೋಗ ಒಕ್ಕಲುತನ, ಸಾ: ಅಂಕಲಿ, ತಾ: ಚಿಕ್ಕೋಡಿ. ಇಂದು ದಿನಾಂಕ 13/04/2017ರಂದು ಮಧ್ಯಾಹ್ನ 12.50ಕ್ಕೆ ಯಾರೂ ಕರೆಯದೆ ನಾನಾಗಿ ಠಾಣೆಗೆ ಬಂದು, ನಿನ್ನೆ ನಾನೇ ಕೊಟ್ಟ ಅರಿಷಿಣ ಕಳುವಿನ ದೂರಿನ ಬಗ್ಗೆ ಬರೆಸುವುದೇನೆಂದರೆ:

ಊರಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ನನ್ನ ಎರಡು ಎಕರೆ ಹೊಲವಿದೆ. ಪೂರ್ವದ ಬಾಂದಿಗೆ, ಅಂದರೆ ಬದುವಿಗೆ, ಹೊಂದಿಕೊಂಡು ಗುರಪ್ಪ ಬಾಳಪ್ಪ ಕಮತೆ ಇವರ ಹೊಲ. ಗುರಪ್ಪನವರು ಮತ್ತು ನಾನು ಏಳನೇ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. 2009ನೇ ಇಸವಿಯಲ್ಲಿ ಬಾಂದಿನ ಮೇಲಿನ ಬೇವಿನ ಮರದ ನೆರಳು ನನ್ನ ಕಣಕ್ಕೆ ಬೀಳುತ್ತದೆ ಎಂದು ನಾನು ಮರ ಕಡಿಸಿದೆ. ಮರ ಅವರ ಅಜ್ಜ ಹಚ್ಚಿದ್ದು. ಕಡಿಸಿದ ದಿನ ಅವರು ಯಡೂರಿಗೆ ದೇವರಿಗೆ ಹೋಗಿದ್ದರು. ಅವರಿಲ್ಲದ ದಿನ ನೋಡಿಯೇ ಕಡಿಸಿದೆ. ಅಂದಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಇದು ಪ್ರಕರಣಕ್ಕೆ ಸಂಬಂಧವಿಲ್ಲ ಎಂದು ಬರೆದುಕೊಳ್ಳುತ್ತಿರುವ ಹವಾಲ್ದಾರ ಜ್ಞಾನದೇವ ಇವರು ಹೇಳಿದರು. ಸಂಬಂಧವಿದೆ, ಬರೆಯಿರಿ ಎಂದು ನಾನು ಹೇಳಿದೆ.

ಕಳೆದ ವರ್ಷ ಗುರಪ್ಪನವರ ಮಗಳು ಶುಭಾಂಗಿ ತಂದೆಗೆ ದೊಡ್ಡ ಪರದೆಯ ಮೊಬೈಲ್ ಕೊಡಿಸಿ, ಅದರಲ್ಲಿ ಮಳೆಯ ರಾಡಾರ್ ನೋಡುವುದನ್ನು ಕಲಿಸಿದ್ದಾಳೆ. ಮಳೆ ಎಲ್ಲಿ ಬೀಳುತ್ತಿದೆ, ಯಾವ ಕಡೆ ಸರಿಯುತ್ತಿದೆ ಎಂಬುದು ಅದರಲ್ಲಿ ಬಣ್ಣದಲ್ಲಿ ಕಾಣುತ್ತದೆ. ಹಸಿರು ಇದ್ದರೆ ಹನಿ, ಹಳದಿ ಇದ್ದರೆ ಜೋರು, ಕೆಂಪು ಇದ್ದರೆ ಓಡಬೇಕು. ಗುರಪ್ಪನವರಿಗೆ ಅದರ ಹುಚ್ಚು ಹತ್ತಿದೆ. ನನ್ನ ಜೊತೆ ಮಾತಿಲ್ಲವಾದ್ದರಿಂದ ಅವರು ಬಾಂದಿನ ಹತ್ತಿರ ನಿಂತು ತಮ್ಮ ಎಮ್ಮೆಗೆ ಗಟ್ಟಿಯಾಗಿ ಹವಾಮಾನ ಹೇಳುತ್ತಾರೆ. ಅವರ ಮಾತು ಹೀಗೆ ಇರುತ್ತದೆ: "ಕೇಳಿಲ್ಲಿ ಗೌರಿ, ರಾಯಬಾಗದ ಮ್ಯಾಲ ಬಂದೈತಿ. ಇನ್ನ ಮುಕ್ಕಾಲ್ ತಾಸಿನಾಗ ಇಲ್ಲಿರತೈತಿ. ಕಣದಾಗ ಯಾರ ಮಾಲ ಐತಿ ಅವರು ನೋಡ್ಕೋಬೇಕ್." ಎಮ್ಮೆಗೆ ಕಣವೂ ಇಲ್ಲ, ಮಾಲೂ ಇಲ್ಲ. ನಾನು ಕೇಳದವನಂತೆ ಐದು ನಿಮಿಷ ಕುಳಿತು, ಆಮೇಲೆ ಎದ್ದು ನನ್ನ ಮಾಲು ಒಳಗೆ ಹಾಕುತ್ತಿದ್ದೆ. ಕಳೆದ ಮಳೆಗಾಲದಲ್ಲಿ ಹೀಗೆ ಹನ್ನೊಂದು ಸಲ ಆಗಿದೆ. ಒಂಬತ್ತು ಸಲ ಮಳೆ ಬಂದಿದೆ. ಒಮ್ಮೆಯೂ ನಾನು ಉಪಕಾರ ಸ್ಮರಿಸಿಲ್ಲ.

ಈ ಸಲ ಒಂದು ಎಕರೆಯ ಅರಿಷಿಣವನ್ನು ಕುದಿಸಿ ಕಣದಲ್ಲಿ ಒಣಹಾಕಿದ್ದೆ. ಎಂಟು ದಿನ ಬಿಸಿಲು ಕುಡಿದಿತ್ತು, ಇನ್ನು ನಾಲ್ಕು ದಿನ ಬೇಕಿತ್ತು. ಈ ಹಂತದಲ್ಲಿ ನೆಂದರೆ ಅರಿಷಿಣ ಕಪ್ಪಾಗಿ ವರ್ಷದ ದುಡಿಮೆ ಹೋಗುತ್ತದೆ. ನನ್ನ ಕಣ ತಗ್ಗಿನಲ್ಲಿರುವುದರಿಂದ ಮೇಲೆ ತಾಡಪತ್ರಿ ಹೊದಿಸಿದರೂ ಕೆಳಗಿನಿಂದ ನೀರು ನುಗ್ಗುತ್ತದೆ. ಇದು ಗುರಪ್ಪನವರಿಗೂ ಗೊತ್ತು.

ನಿನ್ನೆ 12/04/2017ರಂದು ಮಧ್ಯಾಹ್ನ 12.15ಕ್ಕೆ ನನ್ನ ಹೆಂಡತಿ ಜಿನಮತಿಯ ಕಣ್ಣು ತೋರಿಸಲು ಚಿಕ್ಕೋಡಿಗೆ ಹೋದೆವು. ಆಕಾಶ ಸ್ವಚ್ಛವಿತ್ತು. ಗುರಪ್ಪನವರು ಎಮ್ಮೆಗೂ ಏನೂ ಹೇಳಿದ್ದು ಕೇಳಿಸಿರಲಿಲ್ಲ. ದವಾಖಾನೆಯಲ್ಲಿ ಕುಳಿತಿದ್ದಾಗ 1.52, 1.54 ಮತ್ತು 1.55ಕ್ಕೆ ನನ್ನ ಮೊಬೈಲಿಗೆ ಗುರಪ್ಪನವರ ನಂಬರಿನಿಂದ ಫೋನ್ ಬಂತು. ಮೂರೂ ಸಲ ಕಟ್ ಮಾಡಿದೆ. ತೆಗೆದು ಮಾತಾಡಲು ಏನು ಧಾಡಿ ಎಂದು ಜಿನಮತಿ ಕೇಳಿದಳು. ಎಂಟು ವರ್ಷ ಇಲ್ಲದ ಮಾತು ಇವತ್ತು ಯಾಕೆ ಎಂದು ನಾನು ಹೇಳಿದೆ.

ಸಂಜೆ 5.05ಕ್ಕೆ ಹೊಲಕ್ಕೆ ಬಂದು ನೋಡಲಾಗಿ ಕಣ ಖಾಲಿ ಇತ್ತು. ಒಂದು ಅರಿಷಿಣ ಕೊಂಬೂ ಉಳಿದಿರಲಿಲ್ಲ. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ, ಕಣದ ಮಣ್ಣು ಒಣಗಿತ್ತು. ಗುರಪ್ಪನವರ ಶೆಡ್ಡಿಗೆ ಬೀಗ ಹಾಕಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಸೀದಾ ಠಾಣೆಗೆ ಬಂದು ಗುರಪ್ಪ ಕಮತೆ ಇವರ ಮೇಲೆಯೇ ಸಂಶಯವಿದೆ ಎಂದು ದೂರು ಬರೆಸಿದೆ. ಬರೆಸುತ್ತಿದ್ದಾಗ 6.10ಕ್ಕೆ, ಇದೇ ಬೆಂಚಿನ ಮೇಲೆ, ಅವರ ನಂಬರಿನಿಂದ ನಾಲ್ಕನೇ ಸಲ ಫೋನ್ ಬಂತು. ಅದನ್ನೂ ಕಟ್ ಮಾಡಿ, ಕದ್ದವನಿಗೆ ಈಗ ಅಂಜಿಕೆ ಹುಟ್ಟಿದೆ ನೋಡಿ ಎಂದು ಹವಾಲ್ದಾರರಿಗೆ ಹೇಳಿದೆ. ಹಿಂದಿನ ಮೂರು ಫೋನುಗಳ ಸುದ್ದಿ ದೂರಿನಲ್ಲಿ ಹೇಳಲಿಲ್ಲ.

ಇಂದು ಬೆಳಿಗ್ಗೆ 8.30ಕ್ಕೆ ಹವಾಲ್ದಾರರು ಸ್ಥಳ ನೋಡಲು ಬಂದರು. ಅದೇ ಹೊತ್ತಿಗೆ ಅಂಕಲಿಯ ದವಾಖಾನೆಯಿಂದ ಗುರಪ್ಪನವರು ರಿಕ್ಷಾದಲ್ಲಿ ಬಂದು ಇಳಿದರು. ಸೊಂಟಕ್ಕೆ ಪಟ್ಟಿ ಕಟ್ಟಿತ್ತು. ಹೆಂಡತಿ ತುಳಸವ್ವ ಅವರ ತೋಳು ಹಿಡಿದಿದ್ದರು. ಪೊಲೀಸರನ್ನು ಕಂಡು ತುಳಸವ್ವ, ಕೇಳುವ ಮೊದಲೇ ಶೆಡ್ಡಿನ ಬೀಗ ತೆಗೆದರು. ಒಳಗೆ ಅರ್ಧರ್ಧ ತುಂಬಿದ ಮೂವತ್ತೊಂದು ಚೀಲಗಳಿದ್ದವು. ಎಲ್ಲವೂ ನನ್ನ ಅರಿಷಿಣ.

ತುಳಸವ್ವ ಹೇಳಿದ್ದೇನೆಂದರೆ, ನಿನ್ನೆ 1.50ಕ್ಕೆ ರಾಡಾರಿನಲ್ಲಿ ರಾಯಬಾಗದ ಮೇಲೆ ಕೆಂಪು ಕಂಡಿತು. ನನಗೆ ಮಾಡಿದ ಮೂರೂ ಫೋನ್ ಹತ್ತಲಿಲ್ಲ. ಗಂಡ ಹೆಂಡತಿ ಇಬ್ಬರೇ ಅರಿಷಿಣ ಬಳಿದು ಒಟ್ಟುಮಾಡಿ, ಚೀಲಕ್ಕೆ ತುಂಬಿ, ನನ್ನ ಕಣದಿಂದ ಅವರ ಶೆಡ್ಡಿನವರೆಗೆ ಅರವತ್ತು ಮೀಟರ್ ದೂರ ಹೊತ್ತು ಹಾಕಿದರು. ಕೊನೆಯ ಚೀಲಕ್ಕೆ ಗುರಪ್ಪನವರ ಸೊಂಟ ಹಿಡಿಯಿತು. ಬೀಗ ಹಾಕಿ ದವಾಖಾನೆಗೆ ಹೋದರು. ಅಷ್ಟರಲ್ಲಿ ಮಳೆ ಕುಡಚಿಯ ಕಡೆ ತಿರುಗಿ ಹೋಗಿತ್ತು. ಸಂಜೆ ಫೋನ್ ಮಾಡಿದವರು ತುಳಸವ್ವ. ಮಳೆ ಬಂದಿದ್ದರೆ ಊರೆಲ್ಲ ಗುರಪ್ಪನವರನ್ನು ಹೊಗಳುತ್ತಿತ್ತು. ಬಾರದೆ ಹೋದದ್ದಕ್ಕೆ ನಾನು ಅವರನ್ನು ಕಳ್ಳರೆಂದು ಬರೆಸಿದೆ.

ಚೀಲಗಳ ಮೇಲೆ ಒಂದು ತಾಡಪತ್ರಿ ಹೊದಿಸಿತ್ತು. ಶೆಡ್ಡಿನ ಮೇಲಿನ ತಗಡಿನ ಪತ್ರೆ ಎರಡು ಕಡೆ ಸೋರುತ್ತದೆ, ಅದಕ್ಕೆ ಎಂದು ತುಳಸವ್ವ ಹೇಳಿದರು. ಹೊರಗೆ ಬಂದು ನೋಡಲಾಗಿ ಗುರಪ್ಪನವರ ಸ್ವಂತ ಅರಿಷಿಣ, ಸುಮಾರು ನನ್ನಷ್ಟೇ ಮಾಲು, ಅವರ ಕಣದಲ್ಲಿ ಬೋಳಾಗಿ ಬಿದ್ದಿತ್ತು. ಅವರ ಹತ್ತಿರ ಇದ್ದದ್ದು ಅದೊಂದೇ ತಾಡಪತ್ರಿ.

ಆಗ ಬೆಳಿಗ್ಗೆ 8.55 ಆಗಿತ್ತು. ನಾನು ಗುರಪ್ಪನವರಿಗೆ, ನಿನ್ನ ಮಾಲು ಬಿಟ್ಟು ನನ್ನದು ಯಾಕೆ ಮುಚ್ಚಿದೆ ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ನಂದು ತೊಯ್ದಿದ್ರ ಕಣ್ಣ ಮುಂದ ತೊಯ್ತಿತ್ತು, ತಡ್ಕೋತಿದ್ನಿ. ನೀ ಊರಾಗಿಲ್ಲದಾಗ ನಿಂದು ತೊಯ್ದ್ರ ಹೆಂಗ್ ನೋಡ್ಕೋಂತ ನಿಂದ್ರಲೋ, ಧನಪಾಲ?"

ನನಗೆ ಅಳು ಬಂತು. ಇದನ್ನೂ ಬರೆಯಬೇಕೆ ಎಂದು ಹವಾಲ್ದಾರರು ಈಗ ಕೇಳಿದರು. ಬರೆಯಿರಿ ಎಂದು ಹೇಳಿದೆ.

ನನ್ನ ದೂರು ತಪ್ಪು. ಗುರಪ್ಪನವರ ಹೆಸರನ್ನು ಅದರಿಂದ ಪೂರ್ತಿ ತೆಗೆಯಬೇಕು, ಅವರನ್ನು ಒಂದು ಸಲವೂ ಠಾಣೆಗೆ ಕರೆಸಬಾರದು. ತಪ್ಪು ದೂರಿಗೆ ಏನು ಶಿಕ್ಷೆ ಇದೆಯೋ ಅದನ್ನು ನನಗೆ ಕೊಡಲಿ, ಆದರೆ ಇವತ್ತು ಬೇಡ. ಗುರಪ್ಪನವರ ಮೊಬೈಲ್ ನನ್ನ ಕೈಯಲ್ಲಿದೆ. ನೋಡುವುದನ್ನು ಅವರೇ ಮಲಗಿದಲ್ಲಿಂದ ಕಲಿಸಿಕೊಟ್ಟು ಕಳಿಸಿದ್ದಾರೆ. ಈಗ 1.35. ರಾಯಬಾಗದ ಮೇಲೆ ಮತ್ತೆ ಹಳದಿ ಇದೆ, ನಡುವೆ ಕೆಂಪು. ಅವರಿಗೆ ಬಗ್ಗಲು ಬರುವುದಿಲ್ಲ. ಅವರ ಮಾಲು ಇನ್ನೂ ಕಣದಲ್ಲಿದೆ. ಫೋನ್ ಮಾಡಿ ಹೇಳಿದ್ದೇನೆ, ಜಿನಮತಿ ಬಳಿಯಲು ಶುರು ಮಾಡಿದ್ದಾಳೆ, ಹೊರಲು ನಾನು ಹೋಗಬೇಕು.

ಬರೆದದ್ದನ್ನು ಓದಿಸಿ ಕೇಳಲು ಪುರಸೊತ್ತಿಲ್ಲ. ನಾನು ಹೇಳಿದ್ದೆಲ್ಲ ನಿಜವಿದೆ, ಹವಾಲ್ದಾರರು ಹೇಳಿದಂತೆಯೇ ಬರೆದಿದ್ದಾರೆಂದು ನಂಬಿ ರುಜು ಮಾಡಿದ್ದೇನೆ.

ಸ್ಥಳ: ಅಂಕಲಿ
ದಿನಾಂಕ: 13/04/2017, ಮಧ್ಯಾಹ್ನ 1.38

(ರುಜು) ಧನಪಾಲ ತ. ಮಗದುಮ್