ಮೈಕ್ ಆಫ್ ಮಾಡಿ ಹೇಳಿದ ಪಾಠ

ಆಸ್ಪತ್ರೆಯ ಗಂಟಲು ವಿಭಾಗದ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ದರ್ಜಿಯಮ್ಮನ ಪಕ್ಕದಲ್ಲೇ ವಯಸ್ಸಾದ ಮೇಷ್ಟ್ರೂ ಅವರ ಮಗಳೂ ಕೂತಿದ್ದರು. ಮೇಷ್ಟ್ರನ್ನು ಇನ್ನೇನು ಆಪರೇಷನ್ನಿಗೆ ಒಳಗೆ ಕರೆಯುವವರಿದ್ದರು. ಬೇಡವೆಂದರೂ ಅವರ ಮಾತು ದರ್ಜಿಯಮ್ಮನ ಕಿವಿಗೆ ಬೀಳುತ್ತಿತ್ತು.

"ಅಪ್ಪಾ, ನಿಮ್ಮ ಪಾಠದ ವಿಡಿಯೋ ಯಾವುದರಲ್ಲೂ ಧ್ವನಿನೇ ಇಲ್ಲ."

"ಗಂಟಲು ಹರಿಯೋ ಹಾಗೆ ಹೇಳಿದೀನಲ್ಲೇ! ಆಪರೇಷನ್ ಆದ್ಮೇಲೆ ಈ ದನಿ ಇರಲ್ಲ ಅಂತ ತಾನೇ ಎಲ್ಲಾ ಪಾಠ ಹೇಳಿ ಮುಗಿಸಿದ್ದು?"

"ಮೈಕ್ ಆಫ್ ಮಾಡಿದ್ರಾ?"

"ಮತ್ತೆ? ಆನ್‌ಲೈನ್ ತರಬೇತೀಲಿ ಮೊದಲು ಹೇಳಿದ್ದೇ ಅದು, ಎಲ್ಲರೂ ಮೈಕ್ ಆಫ್ ಮಾಡಿ ಕೂತ್ಕೊಳ್ಳಿ ಅಂತ."

"ಅದು ಪಾಠ ಕೇಳೋರಿಗೆ ಅಪ್ಪಾ, ಹೇಳೋರಿಗಲ್ಲ."

ಮೇಷ್ಟ್ರು ಮಗಳ ಕೈಯಲ್ಲಿದ್ದ ಫೋನಿನತ್ತ ಬಗ್ಗಿ ನೋಡಿದರು.

"ಈ ವಯಸ್ಸಲ್ಲಿ ಎಂಥಾ ವಿದ್ಯಾರ್ಥಿ ಆದೆ ನೋಡು. ಹೇಳಿದ ಮಾತು ಮೀರಲಿಲ್ಲ."

"ನಗಿಸ್ಬೇಡಿ. ಈಗ ಆನ್ ಮಾಡಿದೀನಿ, ಬೇಗ ಏನಾದ್ರೂ ಹೇಳಿ."

ದರ್ಜಿಯಮ್ಮ ಮನಸ್ಸಿನಲ್ಲೇ ದೇವರನ್ನು ನೆನೆದು, ಬಂದ ಕೆಮ್ಮನ್ನು ನುಂಗಿಕೊಂಡಳು.

"ಬನ್ನಿ ಮಕ್ಕಳೇ, ಹತ್ತಿರ ಬಂದು ಕೂತ್ಕೊಳ್ಳಿ. ಇವತ್ತು..."

ಅಷ್ಟರಲ್ಲಿ ನರ್ಸ್ ಬಂದು ಕರೆದಳು.

"ಅಯ್ಯೋ, ಇಷ್ಟೇ ಸಿಕ್ಕಿದ್ದು ಅಪ್ಪಾ."

"ಸಾಕು ಬಿಡು. ಪ್ರತಿ ಪಾಠದ ಮೊದಲಿಗೂ ಇದನ್ನೇ ಅಂಟಿಸು. ಪರದೆ ಮೇಲೆ ಬರೆಯೋದು ಒಂದಿದೆ ಅಂತಿದ್ಯಲ್ಲ, ಮಿಕ್ಕಿದ್ದೆಲ್ಲ ಅದರಲ್ಲಿ ಬರೆದು ತೋರಿಸ್ತೀನಿ. ಹೊರಗೆ ಬಂದ ಮೇಲೆ ನಂಗೆ ಅದನ್ನ ಕಲಿಸ್ಕೊಡು."

"ಕಲಿಸ್ತೀನಿ ಅಪ್ಪಾ."

ಮಗಳ ತೋಳು ಹಿಡಿದು ಮೇಷ್ಟ್ರು ಎದ್ದರು. ಬಾಗಿಲ ತನಕ ಅವರ ಮಾತು ಕೇಳಿಸುತ್ತಲೇ ಇತ್ತು.

"ತಪ್ಪು ಮಾಡಿದ್ರೆ ಬೈಬೇಡ ಕಣೇ. ತಿರುಗಿ ಬೈಯೋಕೆ ನಂಗೆ ದನಿ ಇರಲ್ಲ."