ರಾಣಿಯ ಗಡ್ಡ ಬಿಡಿಸುವಾಗ

ನನಗೆ ಈ ರಾಣಿಯ ಕಥೆಯನ್ನೆಲ್ಲ ಮೊದಲು ಹೇಳಿದವಳು ನಿನ್ನ ಅಮ್ಮನೇ, ಅಶ್ಮಿತಾ. ಇಲ್ಲ ಅಂದೆನಾ ನಾನು? ಹರಿಣಾಕ್ಷಿಯೇ ಹೇಳಿದ್ದು. ಹೇಳಿದ್ದು ಅವಳು, ನಾಟಕ ಬರೆದದ್ದು ನಾನು. ಹೇಳೋದು ಬೇರೆ, ಬರೆಯೋದು ಬೇರೆ, ಅಲ್ವಾ?... ಅಯ್ಯೋ, ಅಲ್ಲಾಡಬೇಡ! ಈ ಗಡ್ಡದ ಗೋಂದು ಎಳೆದರೆ ಚರ್ಮಾನೂ ಕಿತ್ತು ಬರುತ್ತೆ. ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ... ಹೀಗೆ. ಈಜಿಪ್ಟಿನ ಮಹಾರಾಣಿ, ಕುವೈತಿನ ಸಲ್ವಾದ ಸ್ಕೂಲಿನ ಗ್ರೀನ್ ರೂಮಲ್ಲಿ ಗಡ್ಡ ಬಿಡಿಸ್ಕೋತಾ ಕೂತಿದ್ದಾಳೆ! ನಗು ಬರಲ್ವಾ ನಿನಗೆ?... ಬರಲ್ಲ. ಸರಿ.

ನಿನ್ನ ಅಮ್ಮನಿಗಾದರೂ ಯಾರು ಹೇಳಿದ್ದು? ಜಹ್ರಾದ ಕ್ಲಿನಿಕ್ಕಲ್ಲಿ ಅಮ್ಮ ರಿಸೆಪ್ಷನ್‌ಗೆ ಕೂರ್ತಿದ್ದಳಲ್ಲ, ಪಕ್ಕದ ಕುರ್ಚಿಯ ನಗ್ವಾ, ಕೈರೋದವಳು. ಈ ರಾಣಿ ಹತ್ಶೆಪ್ಸುತ್ ಅಂದರೆ ಜನ ಹೇಳೋ ಕಥೆ ಏನು? ಮಲಮಗನ ಸಿಂಹಾಸನ ಕದ್ದ ಮಲತಾಯಿ. ಅವಳು ಕಣ್ಣು ಮುಚ್ಚಿದ್ದೇ ತಡ, ಆ ಮಲಮಗ ಥುತ್ಮೋಸ್ ಹಲ್ಲು ಕಡೀತಾ ಗೋಡೆಗೋಡೆಯಿಂದ ಅವಳ ಹೆಸರು ಕೆತ್ತಿ ತೆಗೆಸಿದ. ಸೇಡು! ಸೀರಿಯಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ನಿಜ ಅಷ್ಟು ರುಚಿಯಾಗಿಲ್ಲ. ಅವನು ಎಳೇ ಹುಡುಗನಾಗಿದ್ದಾಗ ರಾಜ್ಯ ನೋಡಿಕೊಂಡವಳು ಅವಳು. ಆಮೇಲೆ ತಾನೇ ರಾಜ ಅಂತ ಗಡ್ಡ ಕಟ್ಟಿಕೊಂಡು ಕೂತಳು, ಹೌದು. ಆದರೆ ದ್ವೇಷ ಇದ್ದಿದ್ದರೆ ಅವಳು ಸತ್ತ ಮರುದಿನವೇ ಹೆಸರು ಅಳಿಸ್ತಿದ್ದ. ಅಳಿಸಿದ್ದು ಸುಮಾರು ಇಪ್ಪತ್ತು ವರ್ಷ ಕಳೆದ ಮೇಲೆ, ತನಗೂ ವಯಸ್ಸಾದಾಗ! ಮಗನಿಗೆ ಸಿಂಹಾಸನದ ದಾರಿ ಸಲೀಸಾಗಲಿ ಅಂತಿರಬಹುದು, ಅಂತಾರೆ ತಿಳಿದವರು. ಸಿಟ್ಟಲ್ಲ. ಬರೀ ಅನುಕೂಲ.

ಯಾಕೆ ಹಾಗೆ ನೋಡ್ತೀಯ?... ಪಾಠ ಮಾಡ್ತಿದ್ದೀನಿ, ಅಷ್ಟೇ. ಧಾರವಾಡದ ಇತಿಹಾಸ ಎಂ.ಎ. ನಾನು, ಮರೀಬೇಡ.

ಓ, ಸ್ಟೇಜಿನ ಹಿಂದಿನ ಆ ಫ್ಲೆಕ್ಸ್ ಪರದೆಯಾ? ಅದು ಕಮಿಟಿ ನಿರ್ಧಾರ ಕಣೇ. ಅಮ್ಮನ ಕ್ಲಿನಿಕ್ ಮುಚ್ಚಿತು, ಇಕಾಮಾ ಖಲಾಸ್, ಇಲ್ಲಿರೋ ಪರವಾನಗಿಯೇ ಹೋಯ್ತು, ಹೋದ ತಿಂಗಳು ಊರಿಗೆ ಹೊರಟುಹೋದಳು. ಕುವೈತ್ ಬಿಟ್ಟವರ ಹೆಸರು ಹಾಕಬಾರದು ಅಂತ ನಮ್ಮ ಕನ್ನಡ ಸಂಘದಲ್ಲಿ ಒಂದು... ಒಂದು ಪದ್ಧತಿ. ಪರದೆ ಆಗಲೇ ಪ್ರಿಂಟ್ ಆಗಿಬಿಟ್ಟಿತ್ತು, ‘ರಚನೆ: ಹರಿಣಾಕ್ಷಿ’ ಅಂತ. ಇನ್ನೊಂದು ಮಾಡಿಸೋಕೆ ಟೈಮೆಲ್ಲಿತ್ತು? ಮಿರ್ಕಾಬ್‌ನ ಪ್ರಿಂಟ್ ಅಂಗಡಿಯಿಂದ ನಮ್ಮ ಸೆಟ್ ನೋಡ್ಕೊಳ್ಳೋ ಫ್ರೆಡ್ರಿಕ್ ಒಂದು ಉದ್ದದ ಸ್ಟಿಕ್ಕರ್ ತಂದು ಮೇಲೆ ಅಂಟಿಸಿದ. ‘ರಚನೆ: ಸ್ನೇಹಾ ಪರಪ್ಪ’ ಅಂತ, ನನ್ನ ಹೆಸರು. ಯಾರದ್ದಾದರೂ ಹೆಸರು ಇರಬೇಕಲ್ಲ!

ತಿರುಗಬೇಡ, ಎಣ್ಣೆ ಕಣ್ಣಿಗೆ ಹೋಗುತ್ತೆ.

ಕೊನೇ ಸೀನಲ್ಲಿ ಆ ಸುಕೇಶ್ ಪರದೆ ಹಿಂದಿನಿಂದ ಲೈಟ್ ಬಿಡ್ತಾನೆ ಅಂತ ಯಾರಿಗೆ ಗೊತ್ತಿತ್ತು? ಆಳುಗಳು ರಾಣಿಯ ಹೆಸರು ಕೆತ್ತಿ ತೆಗೆಯೋಕೆ ಉಳಿ ಎತ್ತಿದರು, ಭಗ್ ಅಂತ ಬೆಳಕು, ಆ ತೆಳು ಸ್ಟಿಕ್ಕರ್ ಮೇಲಿನ ನನ್ನ ಹೆಸರಿನ ಒಳಗಿಂದ ಕಪ್ಪಗೆ, ದಪ್ಪಗೆ... ಹರಿಣಾಕ್ಷಿ! ಜನ ಎದ್ದು ಚಪ್ಪಾಳೆ ಹೊಡೆದರಲ್ಲೇ! ‘ಅಳಿಸಿದ ಹೆಸರು ಮತ್ತೆ ಕಾಣೋ ಹಾಗೆ ಮಾಡಿದ್ದೀರಲ್ಲ, ಎಂಥ ಕಲ್ಪನೆ ಮೇಡಂ’ ಅಂತ ಮುಖ್ಯ ಅತಿಥಿ ನನ್ನ ಕೈ ಕುಲುಕಿದರು. ನಾನು ಥ್ಯಾಂಕ್ಸ್ ಅಂದೆ... ಹೌದು, ಅಂದೆ.

ಈಜಿಪ್ಟಲ್ಲೂ ಹಾಗೇ ಅಂತೆ. ಕೆತ್ತಿ ತೆಗೆದ ಜಾಗದಲ್ಲಿ ಅವಳ ಆಕಾರ ಹಾಗೇ ತಗ್ಗಾಗಿ ಉಳಿದಿದೆಯಂತೆ. ಇಲ್ಲೊಬ್ಬಳು ನಿಂತಿದ್ದಳು ಅಂತ ನೋಡಿದ ಕೂಡಲೇ ಗೊತ್ತಾಗುತ್ತಂತೆ. ಇದನ್ನೂ ನಿನ್ನ ಅಮ್ಮನೇ...

ಏನಾದರೂ ಅನ್ನೇ! ಇಂಗ್ಲಿಷಲ್ಲೇ ಬೈಯಿ. ಯಾವಾಗಲೂ ‘ವಾಟೆವರ್ ಆಂಟಿ’ ಅನ್ನೋಳು ಇವತ್ತು...

ಆಯ್ತು. ಬರೆದದ್ದು ನಾನಲ್ಲ. ಜಹ್ರಾದಿಂದ ಬರೋ ಬಸ್ಸಲ್ಲಿ ಕೂತು ಅವಳು ನಾಟಕಾನ ನನಗೆ ವಾಯ್ಸ್ ಮೆಸೇಜಲ್ಲಿ ಕಳಿಸೋಳು. ಒಂದೊಂದು ಮಾತೂ ಅವಳದೇ, ಬಸ್ಸಿನ ಹಾರ್ನ್ ಸಮೇತ. ನೀವು ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂತ ನಾನದನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ. ನನ್ನ ಸಾಹಿತ್ಯ ಸೇವೆ ಅಷ್ಟೇ. ನೀನಂತೂ ಆ ಹಾಳೆ ಮುಟ್ಟಲೇ ಇಲ್ಲ, ಅವಳ ದನಿ ಕೇಳಿಯೇ ಕಲಿತೆ. ಇವತ್ತು ಮಾತಿನ ನಡುವೆ ನೀನು ಉಸಿರು ಬಿಗಿಹಿಡಿದು ನಿಂತ ಜಾಗವೂ ಅವಳದೇ. ಮುಂದಿನ ಸಾಲಲ್ಲಿ ಕೂತು ಕೇಳಿಸಿಕೊಂಡೆ.

ಕಮಿಟಿ... ಕಮಿಟಿನೂ ಇಲ್ಲ ಗಿಮಿಟಿನೂ ಇಲ್ಲ. ಅಂಥ ಪದ್ಧತಿಯೂ ಇಲ್ಲ. ಫ್ರೆಡ್ರಿಕ್‌ಗೆ ಫೋನ್ ಮಾಡಿದ್ದು ನಾನು. ನಿನ್ನ ಅಮ್ಮನ ಮೇಲೆ ಸಿಟ್ಟಾ? ಸಿಟ್ಟಾದರೂ ಇದ್ದಿದ್ದರೆ ಒಂದು ಮರ್ಯಾದೆ ಇರ್ತಿತ್ತು! ಅಷ್ಟು ಓದಿ ಬಂದು, ಈ ದೇಶದಲ್ಲಿ ನಾನು ಪರಪ್ಪನ ಇಕಾಮಾಕ್ಕೆ ಅಂಟಿಕೊಂಡಿರೋ ಹೆಂಡತಿ. ಒಂದೇ ಒಂದು ಸಂಜೆ, ಒಂದು ಬಟ್ಟೆಯ ಗೋಡೆ ಮೇಲಾದರೂ... ಅವಳಂತೂ ಇಲ್ಲಿಲ್ಲ ಅಂದುಕೊಂಡೆ. ಅನುಕೂಲವಾಗಿತ್ತು, ಅಶ್ಮಿತಾ.

ಆ ಮೇಕಪ್ ಡಬ್ಬಿ ಹತ್ತಿರ ಅವಾಗಿಂದ ಗುರ್ ಅಂತಿರೋದು ಯಾರ ಫೋನು?... ಅಮ್ಮಂದು. ಊರಲ್ಲಿ ಕೂತು ಲೈವ್ ನೋಡಿದಳಂತಲ್ಲ. ಆದರೆ ಲೈಟ್ ಬಿದ್ದ ಕೂಡಲೇ ಮೊಬೈಲಲ್ಲಿ ಎಲ್ಲಾ ಬಿಳುಚಿ ಹೋಯ್ತು ಅಂದರು ನಿನ್ನ ಅಪ್ಪ. ಅಂದರೆ... ನಾಟಕ ಪೂರ್ತಿ ಅವಳಿಗೆ ಕಂಡದ್ದು ನನ್ನ ಹೆಸರು ಮಾತ್ರ. ಅದಕ್ಕೇನೇ ನೀನು ಎತ್ತುತ್ತಿಲ್ಲ? ಏನು ಹೇಳೋದು ಅಂತ ತಿಳೀದೆ?

ಗಡ್ಡ ಬಂತು ನೋಡು. ಮುಖ ಒರೆಸಿಕೋ. ಎತ್ತು ಫೋನು. ನನಗೆ ಕೊಡಬೇಡ, ನನ್ನ ಬಾಯಿಗೆ ಮತ್ತೆ ಕಮಿಟಿನೇ ಬರುತ್ತೆ. ನೀನೇ ಹೇಳು, ಕನ್ನಡದಲ್ಲೋ ತುಳುವಲ್ಲೋ. ಬೆಳಕು ಬಿದ್ದಾಗ ಇಡೀ ಹಾಲ್ ಅವಳ ಹೆಸರು ಓದಿತು ಅಂತ ಮೊದಲು ಹೇಳು. ಆಮೇಲೆ, ಅದರ ಮೇಲೆ ಸ್ಟಿಕ್ಕರ್ ಅಂಟಿಸಿದ್ದು ಯಾರು ಅಂತ ಹೇಳು. ಆಂಟಿ ಅನ್ನಬೇಡ. ಪೂರ್ತಿ ಹೆಸರು ಹೇಳು.